ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ: ಯಾವ ಭಾಗ ಬದಲಿಸಬೇಕು, ಹೇಗೆ ಬದಲಿಸಬೇಕು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಇಲ್ಲಿ ದಿನಾ ಕೇಳಿಬರುವ ಮಾತು: "ತುಂಬಾ ಸ್ಲೋ ಆಗ್ಬಿಟ್ಟಿದೆ, ಎಕ್ಸ್‌ಚೇಂಜಿಗೆ ಹಾಕಿದ್ರೆ ಎಷ್ಟು ಬರುತ್ತೆ?" ಬೆಲೆ ಹೇಳುವ ಮುಂಚೆ ನಾನು ಯಂತ್ರ ಆನ್ ಮಾಡಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಪರದೆಯನ್ನು ಅವರ ಕಡೆ ತಿರುಗಿಸುತ್ತೇನೆ. ಪ್ರೊಸೆಸರ್ ಹತ್ತು ಹದಿನೈದು ಪರ್ಸೆಂಟ್‌ನಲ್ಲಿ ಆರಾಮಾಗಿದೆ; ಡಿಸ್ಕ್ 100 ಪರ್ಸೆಂಟ್ ಮುಟ್ಟಿ ಕೆಳಗಿಳಿಯುತ್ತಲೇ ಇಲ್ಲ. ಇಡೀ ಯಂತ್ರದಲ್ಲಿ ಸೋತಿರುವುದು ಒಂದೇ ಭಾಗ ಅನ್ನುವುದು ಅವರಿಗೂ ಕಣ್ಣಾರೆ ಕಾಣುತ್ತದೆ. ಆ ಭಾಗ ಬದಲಿಸಿದರೆ ಅದೇ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಇದರಲ್ಲಿ ದುಡ್ಡು ಉಳಿಯುತ್ತದೆ, ನಿಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿದೆ. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತು ಅನ್ನುವುದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಜೊತೆಗೆ, ಒಂದು ಲ್ಯಾಪ್‌ಟಾಪ್ ತನ್ನ ಇಡೀ ಆಯುಷ್ಯದಲ್ಲಿ ಹೊರಿಸುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಗಣಿಯಲ್ಲಿ, ಚಿಪ್ ಕಾರ್ಖಾನೆಯಲ್ಲಿ, ಅಂದರೆ ನಾವು ಅದನ್ನು ಕೊಳ್ಳುವ ಮೊದಲೇ ಮುಗಿದಿರುತ್ತದೆ. ಮನೆಯಲ್ಲಿ ಅದು ಸುಡುವ ಕರೆಂಟು ಅದರ ಮುಂದೆ ಸಣ್ಣದು. ಹಾಗಾಗಿ ಇರುವ ಯಂತ್ರವನ್ನು ಹೆಚ್ಚು ವರ್ಷ ಓಡಿಸುವುದೇ ನಮ್ಮ ಕೈಲಾಗುವ ದೊಡ್ಡ ಕೆಲಸ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ಸರಿಯಾಗಿ ಕೆಲಸ ಮಾಡುವ ಲ್ಯಾಪ್‌ಟಾಪ್‌ಗಳೂ ಗುಜರಿಯ ದಾರಿ ಹಿಡಿದಿವೆ. ಅವನ್ನು ತಡೆಯುವುದು ಹೇಗೆ ಎಂದು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ರೂ ಮುಟ್ಟುವ ಮುಂಚೆ

ಮೊದಲು ರೋಗ ಯಾವುದು ಎಂದು ಗೊತ್ತಾಗಬೇಕು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಬೇಕಾದ ಬಹುಪಾಲು ಮಾಹಿತಿ ಇದೆ. ಡಿಸ್ಕ್ ಎಚ್‌ಡಿಡಿಯೋ (ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ಚಿಪ್‌ಗಳಲ್ಲೇ ಡೇಟಾ ಇಡುವ ಹೊಸ ಬಗೆಯದು) ಅನ್ನುವುದು ಅಲ್ಲಿ ಬರೆದಿರುತ್ತದೆ. ಮೆಮೊರಿ (ಇದೇ ರ‍್ಯಾಮ್) ಒತ್ತಿದರೆ ಎಷ್ಟು ಜಿಬಿ ಇದೆ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅನ್ನುವುದು ಕಾಣುತ್ತದೆ. ಪ್ರೊಸೆಸರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಂಟೆಲ್ ಆದರೆ ಐ3 ಅಥವಾ ಐ5 ಆದ ಮೇಲೆ ಬರುವ ಅಂಕಿಯೇ ತಲೆಮಾರು: ಐ5-5200ಯು ಅಂದರೆ ಐದನೇ ತಲೆಮಾರು, ಐ5-8250ಯು ಅಂದರೆ ಎಂಟನೆಯದು, ಐ5-10210ಯು ಅಂದರೆ ಹತ್ತನೆಯದು.

ಬ್ಯಾಟರಿಗೆ: ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ (powercfg) ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಷ್ ಹಾಕಿ ಬ್ಯಾಟರಿರಿಪೋರ್ಟ್ (batteryreport) ಎಂದು ಸೇರಿಸಿ ಎಂಟರ್ ಒತ್ತಿ. ಒಂದು ವರದಿ ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನದು) ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗಿನದು) ಎಂಬ ಎರಡು ಸಂಖ್ಯೆ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿ ಬದಲಿಸುವ ಯೋಚನೆ ಮಾಡಬಹುದು. ಡಿಸ್ಕಿನ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ಅದು ಹಳದಿ ಅಥವಾ ಕೆಂಪು ಬಣ್ಣ ತೋರಿಸಿ, ರೀಅಲೊಕೇಟೆಡ್ ಸೆಕ್ಟರ್ ಅಥವಾ ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ಸೊನ್ನೆಗಿಂತ ಮೇಲಿದ್ದರೆ ಅಂದೇ ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಮಿಕ್ಕ ಕೆಲಸ ನಾಳೆಗೆ ಇರಲಿ.

ಎಲ್ಲ ಯಂತ್ರವನ್ನೂ ಉಳಿಸಲು ಆಗುವುದಿಲ್ಲ. 32 ಜಿಬಿ ಇಎಂಎಂಸಿ (ಮೊಬೈಲಿನಲ್ಲಿರುವಂಥ ಚಿಪ್) ಸ್ಟೋರೇಜ್ ಮತ್ತು 2 ಜಿಬಿ ರ‍್ಯಾಮ್ ಎರಡೂ ಬೋರ್ಡಿಗೇ ಬೆಸೆದಿರುವ ಅಗ್ಗದ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಲು ಏನೂ ಉಳಿದಿರುವುದಿಲ್ಲ. ಐ3, ಐ5ಗಿಂತ ಮುಂಚಿನ ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದವಕ್ಕೆ ಹಣ ಹಾಕಬೇಡಿ ಅನ್ನುತ್ತೇನೆ. ನೀರು ಬಿದ್ದು ಬೋರ್ಡು ಹಸಿರುಗಟ್ಟಿದ್ದರೂ ಅಷ್ಟೇ. ಆದರೆ 2011–12ರಿಂದ ಈಚಿನ ಐ3, ಐ5 ಯಂತ್ರ, ಬೋರ್ಡು ಸರಿಯಾಗಿದ್ದರೆ, ಓದು ಬರಹ, ಆನ್‌ಲೈನ್ ಅರ್ಜಿ, ಲೆಕ್ಕಪತ್ರ, ವಿಡಿಯೊ ನೋಡುವುದು ಇಷ್ಟಕ್ಕೆ ಇಂದಿಗೂ ಸಾಕು.

ಖರ್ಚು ಮಾಡುವ ಸರದಿ ಹೀಗಿರಲಿ: ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್, ಅದರ ಜೊತೆಗೇ ಫ್ಯಾನ್ ಶುಚಿ, ಕೊನೆಗೆ ಬ್ಯಾಟರಿ. ಒಂದೇ ಸಲ ಎಲ್ಲವನ್ನೂ ಹಾಕಬೇಕಾಗಿಲ್ಲ. ಎಸ್‌ಎಸ್‌ಡಿ ಹಾಕಿ ಒಂದೆರಡು ವಾರ ಬಳಸಿ ನೋಡಿ. ಮಿಕ್ಕಿದ್ದು ಬೇಕೋ ಬೇಡವೋ ಅದೇ ಹೇಳುತ್ತದೆ. ಬೇಕಿಲ್ಲದ ಭಾಗ ಕೊಂಡರೆ ಅದೂ ಮುಂದೊಂದು ದಿನ ಕಸವೇ.

ಎಸ್‌ಎಸ್‌ಡಿ

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಅದರ ಮೇಲೆ ಓಡಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಒಂದೇ ದೊಡ್ಡ ಫೈಲ್ ಓದುವಾಗ ಸೆಕೆಂಡಿಗೆ 100 ಎಂಬಿ ಆಸುಪಾಸು ಬರಬಹುದು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಸಾವಿರಾರು ಸಣ್ಣ ಫೈಲ್. ಆಗ ತೋಳು ಅತ್ತಿಂದಿತ್ತ ಓಡುವುದರಲ್ಲೇ ಹೊತ್ತು ಕಳೆಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಸಾಟಾ (ಹಾರ್ಡ್ ಡಿಸ್ಕ್ ಬಳಸುವ ಹಳೆಯ ಸಂಪರ್ಕ ವಿಧಾನ) ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ದಾಟುತ್ತದೆ, ಸಣ್ಣ ಫೈಲ್‌ಗಳಲ್ಲಿ ಅಂತರ ಇನ್ನೂ ಎಷ್ಟೋ ಪಟ್ಟು ಹೆಚ್ಚು.

ಕೊಳ್ಳುವಾಗ ಆಕಾರ ನೋಡಿ. ಹಳೆಯ ಯಂತ್ರಕ್ಕೆ ಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 7 ಮಿ.ಮೀ. ದಪ್ಪದ್ದು. ಹಳೆ ಡಿಸ್ಕ್ 9.5 ಮಿ.ಮೀ. ಇದ್ದರೆ ಹೊಸದು ಅಲುಗಾಡದಂತೆ ಒಂದು ಪ್ಲಾಸ್ಟಿಕ್ ಫ್ರೇಮ್ ಇಡಬೇಕು, ಅಷ್ಟೇ. 2015ರಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇರುತ್ತದೆ. ಇಲ್ಲಿ ಎಚ್ಚರ ಬೇಕು: ಎಂ.2 ಅನ್ನುವುದು ಆಕಾರ ಮಾತ್ರ. ಒಳಗೆ ಸಾಟಾ ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಎಂಬ ವಿಧಾನ ಇರಬಹುದು. ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತಯಾರಕರ ವೆಬ್‌ಸೈಟಿನಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆಯೇ ನೋಡಿ. ಡೆಲ್, ಎಚ್‌ಪಿ, ಲೆನೋವೊ ಮೂವರೂ ಬಹಳಷ್ಟು ಮಾದರಿಗಳಿಗೆ ಇದನ್ನು ಇಟ್ಟಿದ್ದಾರೆ. ಯಾವ ಸ್ಕ್ರೂ ಎಲ್ಲಿ ಅನ್ನುವುದೂ ಅದರಲ್ಲೇ ಇರುತ್ತದೆ.

ಮನೆ ಬಳಕೆಗೆ 256 ಜಿಬಿ ಸಾಕು, ಫೋಟೊ ಹೆಚ್ಚಿದ್ದರೆ 500. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವವರು ಬಿಲ್ ಮತ್ತು ವಾರಂಟಿ ಇಲ್ಲದೆ ತರಬೇಡಿ. ಹೆಸರು ಕೇಳದ ಕಂಪನಿ, 2 ಟಿಬಿ, ನಂಬಲಾಗದಷ್ಟು ಕಡಿಮೆ ಬೆಲೆ, ಈ ಮೂರೂ ಒಟ್ಟಿಗೆ ಕಂಡರೆ ಅಲ್ಲಿಂದ ಮುಂದೆ ಹೋಗಿ. ತಂದ ಮೇಲೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆಸಿ ಓದಿಸಿದರೆ ಸುಳ್ಳು ಸಾಮರ್ಥ್ಯ ಬಯಲಾಗುತ್ತದೆ.

ಈಗ ಬಿಚ್ಚುವ ಕೆಲಸ. ಮೊನ್ನೆ ತೀರ್ಥಹಳ್ಳಿ ಕಡೆಯ ಪ್ರೌಢಶಾಲೆ ಮೇಷ್ಟ್ರೊಬ್ಬರು ತಂದ 15 ಇಂಚಿನ ಯಂತ್ರವನ್ನೇ ಉದಾಹರಣೆ ಮಾಡಿಕೊಳ್ಳೋಣ: ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ ಎಂಬುದು ಅವರ ದೂರು.

ಮೊದಲು ಡೇಟಾ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ. ಆಗಿದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಈ ಕೀ ಇಲ್ಲದೆ ಡಿಸ್ಕನ್ನು ಹೊರತೆಗೆದರೆ ಒಳಗಿನದು ಯಾರಿಗೂ ಸಿಗದು. ಆಮೇಲೆ ಶಟ್‌ಡೌನ್, ಚಾರ್ಜರ್ ಹೊರಗೆ, ಹೊರಬ್ಯಾಟರಿ ಇದ್ದರೆ ಅದೂ ಹೊರಗೆ. ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟೂ ಇಳಿಯುತ್ತದೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಈ ಕೆಲಸ ಬೇಡ. ಮರದ ಮೇಜು ಒಳ್ಳೆಯದು. ಕೂರುವ ಮುಂಚೆ ಬಣ್ಣ ಹಚ್ಚದ ಕಬ್ಬಿಣದ ಕಿಟಕಿ ಸರಳೋ ನಲ್ಲಿಯೋ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ.

ಸರಿಯಾದ ಸ್ಕ್ರೂ ಡ್ರೈವರ್ ಅಂದರೆ ಪ್ಲಸ್ ಗುರುತಿನ ತುದಿಯ ಪಿಎಚ್0 ಮತ್ತು ಪಿಎಚ್1 ಅಳತೆ. ತುದಿ ಸವೆದ ಡ್ರೈವರಿನಿಂದ ತಿರುಗಿಸಿದರೆ ಸ್ಕ್ರೂ ತಲೆ ಹರಿದು ಹೋಗುತ್ತದೆ, ಆಮೇಲೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಮೇಲಿನ ಕೀಬೋರ್ಡಿನ ಹಾಳೆ ಉಬ್ಬುತ್ತದೆ. ನಾನು ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ಚುಚ್ಚಿಡುತ್ತೇನೆ. ಮೇಷ್ಟ್ರ ಯಂತ್ರದಲ್ಲಿ ಕಣ್ಣಿಗೆ ಕಾಣುವ ಸ್ಕ್ರೂ ಎಲ್ಲ ತೆಗೆದರೂ ತಳ ಬಿಡಲಿಲ್ಲ. ಬಿಡದಿದ್ದರೆ ಎಳೆಯಬೇಡಿ. ರಬ್ಬರ್ ಪಾದದ ಅಡಿಯಲ್ಲಿ, ಡಿವಿಡಿ ಡ್ರೈವ್ ತೆಗೆದ ಜಾಗದ ಅಂಚಿನಲ್ಲಿ, ಸ್ಟಿಕ್ಕರ್ ಹಿಂದೆ ಹುಡುಕಿ. ಅಲ್ಲಿ ಇನ್ನೆರಡು ಅಡಗಿರುತ್ತವೆ. ಅವೂ ಬಂದ ಮೇಲೆ ಹಳೆ ಸಿಮ್ ಕಾರ್ಡಿನ ಅಂಚನ್ನೋ ಗಿಟಾರ್ ಪಿಕ್ಕನ್ನೋ ಸಂದಿಗೆ ತೂರಿಸಿ ಸುತ್ತ ಜಾರಿಸಿದರೆ ಕ್ಲಿಪ್‌ಗಳು ಟಕ್ ಟಕ್ ಎಂದು ಬಿಡುತ್ತವೆ.

ತೆರೆದ ತಕ್ಷಣ ಒಳಬ್ಯಾಟರಿಯ ಕನೆಕ್ಟರ್ ಬಿಡಿಸಿ. ತಂತಿ ಹಿಡಿದು ಎಳೆಯದೆ ಕನೆಕ್ಟರಿನ ಮೈಯನ್ನೇ ಉಗುರಿನಿಂದ ಸರಿಸಿ. ಹಾರ್ಡ್ ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ, ಅಂಚಿನಲ್ಲಿ ರಬ್ಬರ್ ಪಟ್ಟಿ. ಚೌಕಟ್ಟಿನ ಸಮೇತ ಎತ್ತಿ, ಸಾಟಾ ಕನೆಕ್ಟರ್ ನೇರಕ್ಕೆ ಜಾರಿಸಿ ಬಿಡಿಸಿ, ಚೌಕಟ್ಟನ್ನು ಹೊಸ ಎಸ್‌ಎಸ್‌ಡಿಗೆ ವರ್ಗಾಯಿಸಿ ಅದೇ ಜಾಗದಲ್ಲಿ ಕೂರಿಸಿ. ಕೆಲವು ಮಾದರಿಗಳಲ್ಲಿ ಡಿಸ್ಕಿನಿಂದ ಬೋರ್ಡಿಗೆ ಚಪ್ಪಟೆ ರಿಬ್ಬನ್ ಕೇಬಲ್ ಇರುತ್ತದೆ. ಅದರ ಬಾಯಲ್ಲಿರುವ ಕಪ್ಪು ಪಟ್ಟಿಯನ್ನು ಮೊದಲು ಮೇಲಕ್ಕೆ ಎತ್ತಿದರೆ ಕೇಬಲ್ ತಾನಾಗಿ ಬರುತ್ತದೆ.

ಹಳೆಯದನ್ನು ಕ್ಲೋನ್ ಮಾಡುವುದೋ (ಇದ್ದದ್ದನ್ನೆಲ್ಲ ಹಾಗೇ ನಕಲಿಸುವುದು), ಹೊಸದಾಗಿ ಇನ್‌ಸ್ಟಾಲ್ ಮಾಡುವುದೋ? ಕ್ಲೋನಿಗೆ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಇದೆ. ನನ್ನ ಒಲವು ಹೊಸ ಇನ್‌ಸ್ಟಾಲ್ ಕಡೆ. ವರ್ಷಗಳಿಂದ ಸೇರಿಕೊಂಡ ಬೇಡದ ಟೂಲ್‌ಬಾರ್, ಎರಡೆರಡು ಆ್ಯಂಟಿವೈರಸ್ ಎಲ್ಲ ಹಳೆ ಡಿಸ್ಕಿನಲ್ಲೇ ಉಳಿಯಲಿ. ಆ ಡಿಸ್ಕನ್ನು ಒಂದು ತಿಂಗಳು ಅಳಿಸದೆ ಹಾಗೇ ಇಟ್ಟಿರಿ. "ಆ ಪಿಂಚಣಿ ಫೈಲ್ ಎಲ್ಲಿ" ಅನ್ನುವ ಪ್ರಶ್ನೆ ಎರಡು ವಾರ ಆದ ಮೇಲೆಯೇ ಬರುವುದು.

ರ‍್ಯಾಮ್

4 ಜಿಬಿ ಇದ್ದರೆ 8 ಮಾಡಿ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆಯುವವರಿಗೆ ಇದರ ವ್ಯತ್ಯಾಸ ಗೊತ್ತಾಗುತ್ತದೆ. ಸಾಮಾನ್ಯ ಕೆಲಸಕ್ಕೆ 16 ಬೇಡ.

ರ‍್ಯಾಮಿನ ತಲೆಮಾರುಗಳಾದ ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗ ಬೇರೆ. ತೊಂದರೆ ಇರುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ. ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎರಡನೆಯದಕ್ಕೆ 1.35 ಸಾಕು. ಇಂಟೆಲ್ ನಾಲ್ಕನೇ, ಐದನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಬೇಕಾದ್ದು ಡಿಡಿಆರ್3ಎಲ್. ಬರೀ ಡಿಡಿಆರ್3 ಹಾಕಿದರೆ ಸರಿಯಾಗಿ ಕೂರುತ್ತದೆ, ಆದರೆ ಯಂತ್ರ ಬೀಪ್ ಹೊಡೆದು ನಿಲ್ಲುತ್ತದೆ, ಪರದೆ ಕಪ್ಪು. ಬಹಳ ಜನ ಆಗ ಬೋರ್ಡು ಹೋಯಿತು ಎಂದು ಹೆದರುತ್ತಾರೆ. ಹಳೆ ರ‍್ಯಾಮಿನ ಲೇಬಲ್ ನೋಡಿ: ಪಿಸಿ3ಎಲ್-12800 ಎಂದು ಇದ್ದರೆ ಆ 'ಎಲ್' ಅಕ್ಷರ ಹೊಸದರಲ್ಲೂ ಇರಲೇಬೇಕು.

ಸ್ಲಾಟಿನ ಎರಡು ಬದಿಯ ಲೋಹದ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಹಳೆ ರ‍್ಯಾಮ್ ಓರೆಯಾಗಿ ಎದ್ದು ನಿಲ್ಲುತ್ತದೆ. ಹೊಸದನ್ನು ಅದೇ ಓರೆಯಲ್ಲಿ ಹೊನ್ನಿನ ಬಣ್ಣದ ಗೆರೆ ಹೆಚ್ಚು ಕಡಿಮೆ ಕಾಣದಷ್ಟು ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕೊಕ್ಕೆ ಕ್ಲಿಕ್ ಎನ್ನಬೇಕು. ಮೊದಲ ಸಲ ಆನ್ ಆಗುವಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು, ಗಾಬರಿ ಬೇಡ.

ಮಲೆನಾಡಿನವರಿಗೆ ಒಂದು ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರಾಗಿರುತ್ತದೆ. ಅಟ್ಟದಲ್ಲಿಟ್ಟ ಲ್ಯಾಪ್‌ಟಾಪ್ ಮಳೆಗಾಲ ಮುಗಿದ ಮೇಲೆ ಆನ್ ಆಗುವುದಿಲ್ಲ ಎಂದು ತರುವವರು ಹಲವರು. ಬೋರ್ಡು ಸತ್ತಿದೆ ಎಂದು ತೀರ್ಮಾನಿಸುವ ಮುಂಚೆ ರ‍್ಯಾಮ್ ಹೊರತೆಗೆದು, ಅದರ ಅಂಚನ್ನು ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ. ಎಷ್ಟೋ ಯಂತ್ರ ಇಷ್ಟಕ್ಕೇ ಎದ್ದು ಕೂರುತ್ತವೆ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ತಯಾರಕರು ಆ ಕಡೆ ವಾಲಿದ್ದಾರೆ. ಇಂಥ ಹೊತ್ತಿನಲ್ಲಿ ಬಳಸಿದ ರ‍್ಯಾಮ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಅದು ಸುಲಭಕ್ಕೆ ಸವೆಯುವ ವಸ್ತುವಲ್ಲ. ತಂದ ಮೇಲೆ ಮೆಮ್‌ಟೆಸ್ಟ್86+ ಪೆನ್ ಡ್ರೈವಿನಿಂದ ಓಡಿಸಿ ಒಂದು ರಾತ್ರಿ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ವಾಪಸ್ ಕೊಡಿ. ಸತ್ತುಹೋದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದರೊಳಗಿನ ರ‍್ಯಾಮ್ ಇನ್ನೊಂದಕ್ಕೆ ಜೀವ ಕೊಡಬಹುದು, ತೆಗೆದು ನೋಡಿ.

ಬಿಸಿ, ಧೂಳು, ಇರುವೆ

ಇದಕ್ಕೆ ಹೊಸ ಭಾಗವೇ ಬೇಡ. ಫ್ಯಾನಿನ ಗಾಳಿ ಹೊರಹೋಗುವ ತಾಮ್ರದ ರೆಕ್ಕೆಗಳ ಮುಂದೆ ಧೂಳು ಒತ್ತಾಗಿ ಕೂತು ಪದರಗಟ್ಟಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ. ಫ್ಯಾನ್ ಬಿಚ್ಚಿ ಚಿಮುಟದಿಂದ ಎತ್ತಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ, ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಐದಾರು ವರ್ಷ ಆಗಿದ್ದರೆ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಲೇಪ) ಒಣಗಿ ಪುಡಿಯಾಗಿರುತ್ತದೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುತ್ತದೆ. ಒಂದನ್ನೇ ಪೂರ್ತಿ ತೆಗೆಯದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್‌ನಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಇಡಿ, ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಮೆತ್ತನೆಯ ಥರ್ಮಲ್ ಪ್ಯಾಡ್ ಇರುವ ಜಾಗಕ್ಕೆ ಪೇಸ್ಟ್ ಬಳಿಯಬೇಡಿ, ಅಲ್ಲಿನ ಸಂದು ಪೇಸ್ಟಿನಿಂದ ತುಂಬುವುದಿಲ್ಲ.

ಕೀಬೋರ್ಡಿನ ಮೇಲೆ ಬಿಸ್ಕತ್ತು ತಿಂದರೆ ಇರುವೆ ಬರುತ್ತದೆ, ಬೆಚ್ಚಗಿನ ಜಾಗ ಸಿಕ್ಕರೆ ಜಿರಳೆ ಸಂಸಾರ ಹೂಡುತ್ತದೆ. ದಯವಿಟ್ಟು ಕೀಟನಾಶಕ ಸ್ಪ್ರೇ ಹೊಡೆಯಬೇಡಿ. ಬಿಚ್ಚಿ, ಒಣ ಬ್ರಷ್ಷಿನಿಂದ ಗುಡಿಸಿ, ಕಲೆ ಇರುವ ಕಡೆ ಐಸೊಪ್ರೊಪೈಲ್ ಹಚ್ಚಿ ಒಣಗಿಸಿ.

ಬ್ಯಾಟರಿ ಮತ್ತು ಸಣ್ಣಪುಟ್ಟದ್ದು

ಟಚ್‌ಪ್ಯಾಡ್ ಗಟ್ಟಿಯಾಗಿದೆ, ಕ್ಲಿಕ್ ಆಗುತ್ತಿಲ್ಲ, ತಳ ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲ: ಇವು ಬ್ಯಾಟರಿ ಉಬ್ಬಿದ ಲಕ್ಷಣ. ಆ ಕ್ಷಣವೇ ಚಾರ್ಜರ್ ತೆಗೆಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚೂಪಾದ ಲೋಹದಿಂದ ಮೀಟಬಾರದು, ಬೆಂಕಿ ಹತ್ತುತ್ತದೆ. ಅಂಟಿಸಿದ ಬ್ಯಾಟರಿ ಆದರೆ ಕೈ ಪಳಗಿದವರಿಗೆ ಕೊಡಿ.

ಹೊಸದು ಕೊಳ್ಳುವಾಗ ಲ್ಯಾಪ್‌ಟಾಪ್ ಮಾದರಿಯ ಹೆಸರಿಗಿಂತ ಹಳೆ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಮುಖ್ಯ. ವೋಲ್ಟೇಜ್ ಹೊಂದಬೇಕು: 10.8 ಮತ್ತು 11.1 ಒಂದೇ ಗುಂಪು, 14.4 ಮತ್ತು 14.8 ಇನ್ನೊಂದು. ಅದೇ ಗಾತ್ರದಲ್ಲಿ ಎರಡರಷ್ಟು ಸಾಮರ್ಥ್ಯ ಎಂದು ಬರೆದಿದ್ದರೆ ಅದು ಸುಳ್ಳು ಲೇಬಲ್. ಸದಾ ಪ್ಲಗ್ಗಿನಲ್ಲೇ ಇಡುವವರು ಬಯೋಸ್‌ನಲ್ಲಿ (ಆನ್ ಆಗುವಾಗಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್) ಅಥವಾ ಕಂಪನಿಯ ಆ್ಯಪಿನಲ್ಲಿ ಚಾರ್ಜ್ 80 ಪರ್ಸೆಂಟಿಗೆ ನಿಲ್ಲಿಸುವ ಅವಕಾಶ ಇದ್ದರೆ ಹಾಕಿಕೊಳ್ಳಿ, ಹೊಸ ಬ್ಯಾಟರಿ ಹೆಚ್ಚು ವರ್ಷ ಬರುತ್ತದೆ.

ಆನ್ ಮಾಡಿದಾಗಲೆಲ್ಲ ತಾರೀಖು ಹಿಂದೆ ಹೋಗಿ, ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಎಂದು ತಡೆಯುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಖಾಲಿಯಾಗಿದೆ. ಹೆಚ್ಚಿನವಲ್ಲಿ ಅದು ಸಿಆರ್2032, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕೀಬೋರ್ಡ್, ಹಿಂಜ್, ಪರದೆ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ವೈ-ಫೈ ಕಾರ್ಡ್ ಬದಲಿಸುವವರು ಮೊದಲು ವಿಚಾರಿಸಿ: ಹಳೆಯ ಕೆಲವು ಎಚ್‌ಪಿ, ಲೆನೋವೊ ಯಂತ್ರಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ.

ವಿಂಡೋಸೋ, ಲಿನಕ್ಸೋ

ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 (ಒಂದು ಸುರಕ್ಷತಾ ಚಿಪ್) ಮತ್ತು, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನದು. ಎಂಟು ಅಥವಾ ಅದರ ಮೇಲಿದ್ದರೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ 8 ಜಿಬಿ ಪೆನ್ ಡ್ರೈವ್ ಮಾಡಿಕೊಂಡು ಹಾಕಿ. ವಿಂಡೋಸ್ ಜೊತೆಗೇ ಬಂದ ಯಂತ್ರ ಆದರೆ ಲೈಸೆನ್ಸ್ ಬೋರ್ಡಿಗೇ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಅದಕ್ಕಿಂತ ಹಳೆಯದಾದರೆ ಎರಡು ದಾರಿ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಇಲಾಖೆಯ ಯಾವುದೋ ತಂತ್ರಾಂಶ ಎಂದು ವಿಂಡೋಸ್ ಬೇಕೇ ಬೇಕು ಅನ್ನುವವರಿಗೆ ವಿಂಡೋಸ್ 10ರ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಳ್ಳಬೇಕು. ಅಂಥ ಬಂಧನ ಇಲ್ಲದವರಿಗೆ ನಾನು ಹಾಕಿಕೊಡುವುದು ವಿಂಡೋಸ್ ಬದಲಿಗೆ ಓಡುವ ಉಚಿತ ಲಿನಕ್ಸ್ ಮಿಂಟ್. ಅದರ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಬೆಂಬಲ ಇದೆ. 4 ಜಿಬಿ ರ‍್ಯಾಮಿನಲ್ಲೂ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ, ಚೆನ್ನಾಗಿ ಓಡುತ್ತದೆ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್ ಡ್ರೈವಿನಿಂದಲೇ ಓಡಿಸಿ ವೈ-ಫೈ, ಪ್ರಿಂಟರ್, ಸ್ಪೀಕರ್ ಎಲ್ಲ ಸರಿಯಿವೆಯೇ ನೋಡಿಕೊಳ್ಳಬಹುದು. ಡಿಸ್ಕ್ ಕಾಣಿಸದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ (ಬೋರ್ಡು ಡಿಸ್ಕನ್ನು ಓದುವ ಬಗೆ) ರೇಡ್ ಎಂದಿದೆಯೇ ನೋಡಿ ಎಎಚ್‌ಸಿಐ ಮಾಡಿ.

ಮೇಷ್ಟ್ರ ಚಿಂತೆ ಇದ್ದದ್ದು ಕನ್ನಡದ ಬಗ್ಗೆ. ಪ್ರಶ್ನೆಪತ್ರಿಕೆಗಳನ್ನೆಲ್ಲ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ, ಲಿನಕ್ಸಿನಲ್ಲಿ ಅದು ಬರುತ್ತದೆಯೇ? ನುಡಿಯಲ್ಲಿ ಬಳಸುವ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಮಿಂಟ್‌ನ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಇದೆ. ಇಂಡಿಯಾ ಅಡಿಯಲ್ಲಿ ಕನ್ನಡ ಕಗಪ ಎಂದು ಆರಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಲು ಒಂದು ಕೀ ಗೊತ್ತು ಮಾಡಿಕೊಂಡರೆ ಮುಗಿಯಿತು. ಮೇಷ್ಟ್ರು ಲಿಬ್ರೆ ಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಒಂದು ಸಾಲು ಟೈಪ್ ಮಾಡಿ, "ಅಲ್ಲ ಮಾರಾಯ, ಬೆರಳು ಹಾಗೇ ಓಡ್ತಾ ಇದೆಯಲ್ಲ!" ಎಂದರು. ಒಂದು ಎಚ್ಚರ ಹೇಳಿ ಕಳಿಸಿದೆ: ಯುನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನಲ್ಲಿ ಉಳಿಸಿದ ಫೈಲುಗಳನ್ನು ಕನ್ವರ್ಟರ್‌ನಿಂದ ಯುನಿಕೋಡಿಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ.

ಬಿಚ್ಚಿ ತೆಗೆದದ್ದು ಎಲ್ಲಿಗೆ?

ಲ್ಯಾಪ್‌ಟಾಪ್ ಉಳಿಸಿ, ಬಿಚ್ಚಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಿದರೆ ಮಾಡಿದ ಕೆಲಸ ಅರ್ಧಕ್ಕೆ ನಿಂತಂತೆ. ನನ್ನ ಅಂಗಡಿಯಲ್ಲಿ ಗಿರಾಕಿಗೆ ಹಳೆ ಭಾಗ ಕೈಗೆ ಕೊಟ್ಟೇ ಕೇಳುತ್ತೇನೆ, ಇದನ್ನು ಏನು ಮಾಡೋಣ ಎಂದು.

ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಒಂದು 2.5 ಇಂಚಿನ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಿ. ಮೇಷ್ಟ್ರ 1 ಟಿಬಿ ಹಾಗೇ ಮನೆಗೆ ಹೋಯಿತು. ಬೇರೆಯವರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಫೈಲ್ ಮರಳಿ ತೆಗೆಯಬಹುದು. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಇಡೀ ರಾತ್ರಿ ಹಿಡಿದರೂ ಸರಿ. 4 ಜಿಬಿ ರ‍್ಯಾಮ್ ಇನ್ನೊಂದು ಯಂತ್ರಕ್ಕೆ ಆಗುತ್ತದೆ, ರಿಪೇರಿ ಅಂಗಡಿಯವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಸತ್ತ ಬೋರ್ಡು, ಕೇಬಲ್, ಬ್ಯಾಟರಿಯನ್ನು ಬೀದಿಯ ಗುಜರಿಯವರಿಗೆ ಕೊಡಬೇಡಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಬ್ಬಿಣ ಕಾಗದದ ವಿಷಯದಲ್ಲಿ ಅವರಷ್ಟು ಉಪಕಾರಿಗಳಿಲ್ಲ. ಆದರೆ ಇದು ಕೈದಾಟಿ ಹೋಗುವ ಕೊನೆಯ ಜಾಗದಲ್ಲಿ ತಾಮ್ರಕ್ಕಾಗಿ ಕೇಬಲ್ ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಹೊಗೆ ಕುಡಿಯುವುದು, ಕೈ ಸುಟ್ಟುಕೊಳ್ಳುವುದು ಅಲ್ಲಿ ದುಡಿಯುವ ಬಡವರು. ಹಳೆ ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುತ್ತದೆ. ಸುಮಾರು 2010ಕ್ಕಿಂತ ಹಿಂದಿನ ಬಹಳಷ್ಟು ಪರದೆಗಳೊಳಗಿನ ದೀಪದಲ್ಲಿ ಪಾದರಸ ಇರುತ್ತದೆ.

2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮಾರಿದ ಕಂಪನಿಗಳೇ ಮರುಬಳಕೆಯ ಹೊಣೆ ಹೊರಬೇಕು ಎಂಬುದು ಅದರ ತಿರುಳು. ಬ್ಯಾಟರಿಗೂ 2022ರಲ್ಲೇ ಪ್ರತ್ಯೇಕ ನಿಯಮ ಬಂದಿದೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯ ಅಥವಾ ರೀಸೈಕ್ಲಿಂಗ್ ಪುಟ ಹುಡುಕಿ, ಅಲ್ಲಿನ ಸಹಾಯವಾಣಿಗೆ ಫೋನ್ ಮಾಡಿ. ಕರ್ನಾಟಕದಲ್ಲಿ ಅಧಿಕೃತ ಮರುಬಳಕೆ ಘಟಕಗಳಿವೆ; ದೇಶದಲ್ಲೇ ಮೊದಲ ಸಾಲಿನ ಇ-ಪರಿಸರ ನಮ್ಮದೇ ದಾಬಸ್‌ಪೇಟೆಯಲ್ಲಿದೆ. ಒಬ್ಬೊಬ್ಬರ ಒಂದೊಂದು ಬ್ಯಾಟರಿಗಾಗಿ ಅಷ್ಟು ದೂರ ಹೋಗುವುದು ಆಗದ ಮಾತು. ಬೀದಿಯಲ್ಲಿ, ಶಾಲೆಯಲ್ಲಿ, ಸಹಕಾರ ಸಂಘದಲ್ಲಿ ಒಂದು ಡ್ರಮ್ ಇಟ್ಟು, ಸೇರಿದ ಮೇಲೆ ಒಟ್ಟಿಗೆ ಕಳಿಸಿ. ಬ್ಯಾಟರಿಯ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಹಾಕಿ, ಉಬ್ಬಿದವನ್ನು ಡ್ರಮ್ಮಿಗೆ ಹಾಕದೆ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಮನೆಯಿಂದ ಹೊರಗೆ ಬೇರೆಯಾಗಿ ಇಡಿ. ಒಯ್ಯಲು ಬಂದವರ ಹತ್ತಿರ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಕೇಳಿ ನೋಡಿ, ಕೊಟ್ಟ ಮಾಲಿಗೆ ರಸೀದಿ ಪಡೆಯಿರಿ.